ಗುರುವಿನ ಮೂರು ಚಂದ್ರರನ್ನು ಆರ್ಕೆಸ್ಟ್ರಾಗೆ ಇಳಿಸುವುದು ಹೇಗೆ

ಗುರುಗ್ರಹದ ಚಂದ್ರರಾದ ಅಯೋ, ಯುರೋಪಾ, ಗ್ಯಾನಿಮೀಡ್ ಒಂದು ಸುತ್ತಿಗೆ ತೆಗೆದುಕೊಳ್ಳುವುದು ಸುಮಾರು 1.77, 3.55 ಮತ್ತು 7.15 ದಿನ. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಹಾಕಿರುತ್ತದೆ. ಬಾಹ್ಯಾಕಾಶ ಎಂದಾಕ್ಷಣ ಉದ್ದನೆಯ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸಿಂಥ್ ಸದ್ದು) ಹಾಕಿ ರಿವರ್ಬ್ (ಮಾರ್ದನಿ) ಏರಿಸುವ ಮೊದಲು ಈ ಲೆಕ್ಕ ಹಿಡಿದು ಶುರುಮಾಡಿ.

ಸಂಗೀತ ಸಾಫ್ಟ್‌ವೇರ್‌ನಲ್ಲಿ ಟೆಂಪೋ 60 (ನಿಮಿಷಕ್ಕೆ 60 ಬೀಟ್), ತಾಳ 4/4 (ಒಂದು ಬಾರ್, ಅಂದರೆ ಒಂದು ಆವರ್ತಕ್ಕೆ ನಾಲ್ಕು ಬೀಟ್) ಇಡಿ. ಒಂದು ಬಾರ್‌ಗೆ ಸರಿಯಾಗಿ 4 ಸೆಕೆಂಡ್ ಬರುತ್ತದೆ. ಅಯೋಗೆ ಸಿಂಥ್ ಆರ್ಪೆಜಿಯೋ (ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವುದು), 1 ಬಾರ್, ಎಂಟು ಸ್ವರ. ಯುರೋಪಾಗೆ ಚೆಲ್ಲೋ, 2 ಬಾರ್. ಗ್ಯಾನಿಮೀಡ್‌ಗೆ ಫ್ರೆಂಚ್ ಹಾರ್ನ್ ಮತ್ತು ಡಬಲ್ ಬಾಸ್, 4 ಬಾರ್. ಮೂರನ್ನೂ ಒಂದೇ ಕಡೆ ಶುರುಮಾಡಬೇಡಿ. ಹಾಗೆ ಮಾಡಿದರೆ ನಾಲ್ಕು ಬಾರ್‌ಗೊಮ್ಮೆ ಎಲ್ಲವೂ ಒಟ್ಟಿಗೆ ಬಡಿದು, ಇದು ಲೂಪ್ ಎಂದು ಕೇಳುಗರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಆಕಾಶದಲ್ಲೂ ಹಾಗಾಗುವುದಿಲ್ಲ: ಅಯೋ, ಯುರೋಪಾ ಗುರುವಿನ ಒಂದೇ ದಿಕ್ಕಿಗೆ ಬಂದಾಗ ಗ್ಯಾನಿಮೀಡ್ ಕಾಲು ಸುತ್ತು ದೂರದಲ್ಲಿರುತ್ತದೆ. ಮೂರರ ಸುತ್ತುಗಳ ನಡುವಿನ ಈ ನಂಟನ್ನೇ ಲಾಪ್ಲಾಸ್ ಅನುರಣನ ಎನ್ನುವುದು. ಆದ್ದರಿಂದ ಗ್ಯಾನಿಮೀಡ್ ಭಾಗವನ್ನು 2ನೇ ಬಾರ್‌ಗೆ ಸರಿಸಿ. ಅದು ಮುಂದೆ 6, 10, 14ರಲ್ಲಿ ಬರುತ್ತದೆ.

ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾಗುವುದು ಗ್ಯಾನಿಮೀಡ್ ಬಂದಾಗ ಮಾತ್ರ. ಸಿ ಮೈನರ್‌ನಿಂದ ಇ ಮೈನರ್‌ಗೆ ಹೋಗಿ ನೋಡಿ, ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ. ಆದರೂ ಜಿ ಸ್ವರ ಎರಡರಲ್ಲೂ ಇದೆ. ತೊಡಕು ಬರುವುದು ಚೆಲ್ಲೋಗೆ: 1ನೇ ಬಾರ್‌ನಲ್ಲಿ ಎತ್ತಿಕೊಂಡ ಸಾಲು ಮುಗಿಯುವ ಮೊದಲೇ 2ನೇ ಬಾರ್‌ನಲ್ಲಿ ಕಾರ್ಡ್ ಬದಲಾಗಿರುತ್ತದೆ. ಆ ಗಡಿ ದಾಟುವಾಗ ಅದು ಜಿ ಮೇಲೆಯೇ ನಿಂತಿರಲಿ. ಇ ಫ್ಲ್ಯಾಟ್ ಮೇಲೆ ನಿಂತರೆ ಹೊಸ ಇ ಜೊತೆ ತಿಕ್ಕಾಡುತ್ತದೆ.

ಹಾರ್ನ್ 16 ಸೆಕೆಂಡ್ ಒಂದೇ ಉಸಿರಿಗೆ ಊದಿದಂತೆ ಬರೆದರೆ ಎಂಥ ಒಳ್ಳೆಯ ಸ್ಯಾಂಪಲ್ (ನಿಜ ವಾದ್ಯದ ಧ್ವನಿಮುದ್ರಿತ ಸ್ವರ) ಕೂಡ ಆರ್ಗನ್‌ನಂತೆ ಕೇಳುತ್ತದೆ. ಎರಡು ಬಾರ್ ಆದಮೇಲೆ ಉಸಿರಿಗೆ ಅರ್ಧ ಬೀಟ್ ಬಿಡಿ. ಸಿಸಿ 1 (ಸ್ಯಾಂಪಲ್‌ನ ಬಿರುಸು ಹೆಚ್ಚು ಕಡಿಮೆ ಮಾಡುವ ಮಿಡಿ ನಿಯಂತ್ರಣ, ಮಾಡ್ ವೀಲ್) ಅನ್ನು 40ರಿಂದ 85ಕ್ಕೆ ಏರಿಸಿ ಇಳಿಸಿ. ಚೆಲ್ಲೋ ಲೆಗಾಟೋ (ಸ್ವರದಿಂದ ಸ್ವರಕ್ಕೆ ಜಾರುವಂತೆ ಬೆಸೆದ) ಸ್ಯಾಂಪಲ್‌ಗಳು ಸ್ವರ ಮುಟ್ಟುವುದು ಸ್ವಲ್ಪ ತಡವಾಗಿ, ಹಾಗಾಗಿ ಅಯೋಗಿಂತ ಹಿಂದೆ ಬೀಳುತ್ತವೆ. ಆ ಟ್ರ್ಯಾಕ್‌ಗೆ ಮೈನಸ್ 100 ಮಿಲಿಸೆಕೆಂಡ್ ಡಿಲೇ ಕೊಟ್ಟು, ಅಂದರೆ ಅಷ್ಟು ಮೊದಲೇ ನುಡಿಯುವಂತೆ ಮಾಡಿ, ಉಳಿದದ್ದನ್ನು ಕಿವಿಯಿಂದಲೇ ಸರಿಮಾಡಿ.

ಡಬಲ್ ಬಾಸ್‌ನ ತೀರ ಕೆಳಗಿನ ಇ ಸುಮಾರು 41 ಹರ್ಟ್ಸ್. ಅದರಡಿ ಸೈನ್ ಸಬ್ (ಸಿಂಥ್‌ನ ಶುದ್ಧ ತಗ್ಗುದನಿ) ಇಡುವುದಾದರೆ ಬಾಸ್ ಅನ್ನು 80 ಹರ್ಟ್ಸ್ ಕೆಳಗೆ, ಸಬ್ ಅನ್ನು 80ರ ಮೇಲೆ ಕತ್ತರಿಸಿ. ಇಲ್ಲವಾದರೆ ಬಾಸ್‌ನ ವೈಬ್ರಾಟೋ (ಸ್ವರದ ಕಂಪನ) ಸ್ಥಿರವಾದ ಸೈನ್ ಜೊತೆ ಗುದ್ದಾಡಿ ತಳವೆಲ್ಲ ಅಲುಗಾಡುತ್ತದೆ. ಹಾರ್ನ್, ಚೆಲ್ಲೋಗೆ 6 ಸೆಕೆಂಡ್ ರಿವರ್ಬ್ ಸಾಕು. ಅಯೋಗೆ 1.5 ಸೆಕೆಂಡ್ ದಾಟಬೇಡಿ, ದಾಟಿದರೆ ಹಳೆಯ ಕಾರ್ಡ್ ಹೊಸದರೊಳಕ್ಕೆ ಸೋರುತ್ತದೆ. ರಿವರ್ಬ್‌ಗೆ ಹೋಗುವ ಸದ್ದನ್ನು 200 ಹರ್ಟ್ಸ್ ಕೆಳಗೆ ಕತ್ತರಿಸಿಡಿ.

ವೈಜ್ಞಾನಿಕ ಕಲ್ಪನೆಗೆ ಜಾಗ ಒಂದೇ ಕಡೆ: ನಿಜದಲ್ಲಿ ಆಗದ ಮೂವರ ಭೇಟಿ. 46ನೇ ಬಾರ್‌ನಲ್ಲಿ ಬಂದ ಗ್ಯಾನಿಮೀಡ್ ಸಾಲನ್ನು 3 ಬಾರ್‌ಗೇ ತುಂಡರಿಸಿ, 49ರಲ್ಲಿ, ಅಂದರೆ 3 ನಿಮಿಷ 12ನೇ ಸೆಕೆಂಡಿಗೆ, ಮೂರನ್ನೂ ಒಟ್ಟಿಗೆ ತನ್ನಿ. 49ರಲ್ಲಿ ಶುರುವಾದ ಗ್ಯಾನಿಮೀಡ್ ಸಾಲನ್ನು 5 ಬಾರ್ ಎಳೆದರೆ 54ಕ್ಕೆ ಲೆಕ್ಕ ಮತ್ತೆ ಕೂಡುತ್ತದೆ. ಟಿಂಪನಿ, ಸಿಂಬಲ್ ಏನಿದ್ದರೂ 49ಕ್ಕೇ ಇರಲಿ, ಅದಕ್ಕೂ ಮೊದಲು ಎಲ್ಲೂ ಬೇಡ.