ಮಾರ್ಮನ್ ಗ್ರಂಥವನ್ನು ನಾನು ಪರಿಶೀಲಿಸಿದ ಬಗೆ

ನಾನು ಬೆಳಗಾವಿಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸಿದವನು. ಮನೆತನದಿಂದ ಮೆಥೋಡಿಸ್ಟ್ ಸಭೆಗೆ ಸೇರಿದವನು. ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋಗಿ ನೆಲೆಸಿದ ನನ್ನ ಚಿಕ್ಕಪ್ಪನ ಮಗ ಅಲ್ಲಿ ಜನ ಸಾಮಾನ್ಯವಾಗಿ ಮಾರ್ಮನ್ ಎಂದು ಕರೆಯುವ ಸಭೆಯನ್ನು ಸೇರಿ, ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸಿಕೊಂಡ ಸುದ್ದಿ ಬಂದಾಗ ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು. ಕ್ರಿಸ್ಮಸ್ಸಿಗೆ ಊರಿಗೆ ಬಂದವನು ಚಹಾ ಮುಟ್ಟಲಿಲ್ಲ. ಅವರ ಪ್ರವಾದಿ ಜೋಸೆಫ್ ಸ್ಮಿತ್‌ಗೆ 1833ರಲ್ಲಿ ದೇವರಿಂದ ದೊರೆಯಿತೆಂದು ಅವರು ನಂಬುವ ಆಹಾರನಿಯಮದ ಪ್ರಕಾರ ಚಹಾ, ಕಾಫಿ, ಮದ್ಯ, ತಂಬಾಕು ಅವರಿಗೆ ವರ್ಜ್ಯ. (ನಮ್ಮ ಕಡೆ ಚಹಾ ಒಲ್ಲೆನೆಂದ ಬೀಗರನ್ನೂ ಅನುಮಾನದಿಂದಲೇ ನೋಡುತ್ತಾರೆ.) ಹಿರಿಯರು ಬಯ್ಯತೊಡಗಿದಾಗ ಅವನು ನನ್ನ ಕಡೆ ತಿರುಗಿ, “ಅಣ್ಣಾ, ನೀವರ ಮೊದ್ಲ ಓದಿ ನೋಡ್ರಿ, ಆಮ್ಯಾಲ ಬೇಕಾದ್ದು ಕೇಳ್ರಿ” ಎಂದ. ಅದು ನ್ಯಾಯವಾದ ಮಾತೆನಿಸಿ, ಬೈಬಲ್ಲಿನ ಜೊತೆಗೆ ಅವರು ಧರ್ಮಗ್ರಂಥವೆಂದು ನಂಬುವ ಮಾರ್ಮನ್ ಗ್ರಂಥವನ್ನು ಓದಲು ಒಪ್ಪಿಕೊಂಡೆ.

ಗ್ರಂಥವನ್ನು ತೆರೆಯುವ ಮೊದಲು ನಮ್ಮವರೇ ನನ್ನ ಕೈಗಿತ್ತ ವಾದಗಳನ್ನು ತೂಗಿ ನೋಡಿದೆ; ಹೆಚ್ಚಿನವು ನಿಲ್ಲುವಂಥವಾಗಿರಲಿಲ್ಲ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆ 22:18ರಲ್ಲಿ ಈ ಪುಸ್ತಕಕ್ಕೆ ಏನನ್ನೂ ಕೂಡಿಸಬಾರದೆಂಬ ಎಚ್ಚರಿಕೆ ಇರುವುದರಿಂದ ಇನ್ನೊಂದು ಗ್ರಂಥ ಇರಲಾರದು ಎಂದು ಹಲವರು ಹೇಳುತ್ತಾರೆ. ಅಂಥದೇ ಎಚ್ಚರಿಕೆ ಮೋಶೆಯ ಮಾತುಗಳಿರುವ ಧರ್ಮೋಪದೇಶಕಾಂಡ 4:2ರಲ್ಲಿಯೂ ಇದೆ. ಆ ವಾದವನ್ನು ಕೊನೆಯವರೆಗೆ ಹಿಡಿದರೆ ಮೋಶೆಯ ನಂತರ ಬಂದ ಯೆಶಾಯನನ್ನೂ ಪೌಲನನ್ನೂ ಕೈಬಿಡಬೇಕಾಗುತ್ತದೆ. ಬಹುಪತ್ನಿತ್ವದ ಹಾಸ್ಯವೂ ಹಾಗೆಯೇ: ಅವರ ಅಧ್ಯಕ್ಷರಾಗಿದ್ದ ವಿಲ್ಫರ್ಡ್ ವುಡ್‌ರಫ್ 1890ರಲ್ಲಿಯೇ ಅದನ್ನು ನಿಲ್ಲಿಸುವ ಘೋಷಣೆ ಹೊರಡಿಸಿದರು, ಮತ್ತು ಬೈಬಲ್ಲಿನಲ್ಲಿ ಹಲವು ಹೆಂಡಿರಿದ್ದ ದಾವೀದ ಸೊಲೊಮೋನರ ಮನೆಗಳನ್ನು ಬಲ್ಲ ನಮಗೆ ಆ ವಿಷಯದಲ್ಲಿ ನಗುವ ಅಧಿಕಾರ ಕಡಿಮೆ. ಇನ್ನು ಅದು ಅಮೆರಿಕದವರ ಧರ್ಮವೆಂಬ ಮೂದಲಿಕೆಯಂತೂ ಮೊದಲು ಲಂಡನ್ ಮಿಷನ್ನಿನವರಿಂದ, ಬಳಿಕ ಅಮೆರಿಕದ ಮೆಥೋಡಿಸ್ಟರಿಂದ ಬೆಳೆದ ಬೆಳಗಾವಿಯ ಸಭೆಯವರ ಬಾಯಲ್ಲಿ ಒಪ್ಪುವುದಿಲ್ಲ.

ಆದ್ದರಿಂದ ಒಂದು ನಿಯಮ ಹಾಕಿಕೊಂಡೆ. ಅವರ ಗ್ರಂಥಕ್ಕೆ ಯಾವ ಪ್ರಶ್ನೆ ಕೇಳುತ್ತೇನೋ ಅದನ್ನೇ ನಮ್ಮ ಸತ್ಯವೇದಕ್ಕೂ ಕೇಳಬೇಕು, ಉತ್ತರ ಇಷ್ಟವಾಗದಿದ್ದರೂ ಬರೆದಿಟ್ಟುಕೊಳ್ಳಬೇಕು. ಇದರಿಂದ ಮೊದಲು ನೋವಾದದ್ದು ನನಗೇ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. ಕಿಂಗ್ ಜೇಮ್ಸ್ ಎಂಬ ಹಳೆಯ ಇಂಗ್ಲಿಷ್ ಬೈಬಲ್ಲಿನ 1 ಯೋಹಾನ 5:7ರಲ್ಲಿ ತಂದೆ, ವಾಕ್ಯ, ಪವಿತ್ರಾತ್ಮರು ಒಂದಾಗಿರುವರೆಂದು ಹೇಳುವ ಮಾತು ಪ್ರಾಚೀನ ಗ್ರೀಕ್ ಪ್ರತಿಗಳದ್ದಲ್ಲ. ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದವನಿಗೆ ಇವನ್ನು ಓದುವುದು ಸುಲಭವಲ್ಲ. ಆದರೆ ಇವೆಲ್ಲ ನಮಗೆ ತಿಳಿದಿರುವುದು ಹಸ್ತಪ್ರತಿಗಳು ಉಳಿದುಕೊಂಡು, ನಂಬುವವರೂ ನಂಬದವರೂ ಅವನ್ನು ಎದುರಿಗಿಟ್ಟುಕೊಂಡು ಹೋಲಿಸಿ ನೋಡಲು ಸಾಧ್ಯವಾದದ್ದರಿಂದ.

ಮಾರ್ಮನ್ ಗ್ರಂಥಕ್ಕೆ ಅದೇ ಪ್ರಶ್ನೆ ಕೇಳಿದಾಗ ಎದುರಿಗಿಡಲು ಮೂಲವೇ ಇಲ್ಲ. ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಬಳಿಯ ಗುಡ್ಡದಲ್ಲಿ ಮೊರೋನಿ ಎಂಬ ದೇವದೂತನು ತೋರಿಸಿದ ಚಿನ್ನದ ಹಲಗೆಗಳನ್ನು 1827ರಲ್ಲಿ ಪಡೆದು, ದೈವಬಲದಿಂದ ಅವನ್ನು ಇಂಗ್ಲಿಷಿಗೆ ತಂದು, 1830ರಲ್ಲಿ ಅಚ್ಚು ಹಾಕಿಸಿದೆನೆಂದು ಸ್ಮಿತ್ ಹೇಳಿದನು. ಹಲಗೆಗಳನ್ನು ದೇವದೂತನಿಗೆ ಹಿಂದಿರುಗಿಸಿದೆನೆಂದೂ ಹೇಳಿದನು. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳ ಬಗ್ಗೆ ಮಕ್ಕಳಿಗೆ ಹೇಳಿಕೊಡುತ್ತಿದ್ದವನು ನಾನು. ಅವುಗಳನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದ್ದು ತಪ್ಪೆನಿಸಿದರೆ ಇನ್ನೊಬ್ಬ ವಿದ್ವಾಂಸ ಅದೇ ಅಕ್ಷರಗಳನ್ನು ಮತ್ತೆ ಓದಿ ತಿದ್ದಬಹುದು. ಇಲ್ಲಿ ಆ ದಾರಿ ಮುಚ್ಚಿದೆ. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ಹಲಗೆಗಳನ್ನು ಕಂಡೆವೆಂದು ಸಹಿ ಮಾಡಿದ ಹನ್ನೊಂದು ಮಂದಿ ಸಾಕ್ಷಿಗಳಿದ್ದಾರೆ, ಅವರಲ್ಲಿ ಮುಖ್ಯರಾದ ಆಲಿವರ್ ಕೌಡರಿ, ಡೇವಿಡ್ ವಿಟ್ಮರ್, ಮಾರ್ಟಿನ್ ಹ್ಯಾರಿಸ್ ಮೂವರೂ ಸ್ಮಿತ್‌ನೊಂದಿಗೆ ಜಗಳವಾಡಿ ಸಭೆಯಿಂದ ಹೊರಗಾದರೂ ತಮ್ಮ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳಲಿಲ್ಲ. ಇದನ್ನು ತಳ್ಳಿಹಾಕುವ ಉತ್ತರ ನನ್ನಲ್ಲಿಲ್ಲ.

ಮೂಲವಿಲ್ಲದಿದ್ದರೂ ಪಠ್ಯವನ್ನು ಓದಬಹುದಲ್ಲವೇ? ಅದರ ‘ಎರಡನೆಯ ನೆಫಿ’ ಎಂಬ ಭಾಗದ 12ರಿಂದ 24ರವರೆಗಿನ ಅಧ್ಯಾಯಗಳು ಯೆಶಾಯನ 2ರಿಂದ 14ರವರೆಗಿನ ಅಧ್ಯಾಯಗಳೇ. ಅವುಗಳ ಭಾಷೆ ಬಹುಮಟ್ಟಿಗೆ 1611ರ ಕಿಂಗ್ ಜೇಮ್ಸ್ ಆವೃತ್ತಿಯದ್ದು. ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಇನ್ನೂ ಸಣ್ಣ ವಿವರ. ಪುನರುತ್ಥಾನನಾದ ಯೇಸು ಅಮೆರಿಕ ಖಂಡದಲ್ಲಿ ಪ್ರತ್ಯಕ್ಷನಾಗಿ ಕಲಿಸಿದನೆಂದು ಹೇಳುವ ಮೂರನೆಯ ನೆಫಿಯ 13ನೆಯ ಅಧ್ಯಾಯದಲ್ಲಿ ಕರ್ತನ ಪ್ರಾರ್ಥನೆ ಇದೆ. ಅದರ ಕೊನೆಗೆ ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ ಎಂಬ ಸಾಲು ಸಹ ಬಂದಿದೆ. ಆ ಸಾಲು ಮತ್ತಾಯನ ಅತಿ ಪ್ರಾಚೀನ ಪ್ರತಿಗಳಲ್ಲಿ ಇಲ್ಲ. ನಂತರದ ಪ್ರತಿಗಳಿಂದ ಕಿಂಗ್ ಜೇಮ್ಸ್ ಆವೃತ್ತಿಗೆ ಬಂದದ್ದು. ಯೇಸುವೇ ಅಲ್ಲಿ ಹಾಗೆ ಕಲಿಸಿರಬಹುದಲ್ಲ ಎಂದು ತಮ್ಮ ಕೇಳಿದ. ಇರಬಹುದು, ಆದರೂ ಸ್ಮಿತ್‌ನ ಮನೆಯಲ್ಲಿದ್ದಂಥ ಬೈಬಲ್ಲೇ ಪುಟಪುಟದಲ್ಲೂ ಇಣುಕುತ್ತಿರುವಾಗ ಸರಳವಾದ ಕಾರಣವನ್ನು ಬಿಟ್ಟು ದೂರದ ಕಾರಣವನ್ನು ಹಿಡಿಯಲು ಇತಿಹಾಸದ ಮೇಷ್ಟ್ರಿಗೆ ಮನಸ್ಸಾಗಲಿಲ್ಲ.

ಮೂಲ ಉಳಿದಿರುವ ಒಂದು ಪ್ರಸಂಗವಂತೂ ಇದೆ, ಮತ್ತು ಅದನ್ನು ಅಧ್ಯಯನ ಮಾಡಲು ನಾನು ಹೆಚ್ಚು ಸಮಯ ಕೊಟ್ಟೆ. 1835ರಲ್ಲಿ ಓಹಾಯೊ ರಾಜ್ಯದ ಕರ್ಟ್‌ಲ್ಯಾಂಡಿಗೆ ಈಜಿಪ್ಟಿನ ಮಮ್ಮಿಗಳೊಂದಿಗೆ ಬಂದ ಪಪೈರಸ್ ಸುರುಳಿಗಳನ್ನು ಸ್ಮಿತ್‌ನ ಸಭೆಯವರು ಕೊಂಡರು. ಅವುಗಳಿಂದ ಅನುವಾದಿಸಿದ್ದೆಂದು 1842ರಲ್ಲಿ ಪ್ರಕಟವಾದ ‘ಅಬ್ರಹಾಮನ ಗ್ರಂಥ’ ಇಂದಿಗೂ ಅವರ ಧರ್ಮಶಾಸ್ತ್ರದ ಭಾಗ. ಸುರುಳಿಗಳು ಷಿಕಾಗೊ ಬೆಂಕಿಯಲ್ಲಿ ಸುಟ್ಟುಹೋದವೆಂದು ಬಹುಕಾಲ ನಂಬಲಾಗಿತ್ತು. 1967ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನಲ್ಲಿದ್ದ ತುಣುಕುಗಳನ್ನು ಆ ಸಭೆಗೆ ಒಪ್ಪಿಸಿತು. ಅವುಗಳಲ್ಲೊಂದು ಗ್ರಂಥದ ಮೊದಲ ಚಿತ್ರದ ಮೂಲವೇ ಆಗಿತ್ತು. ಬಲಿಪೀಠದ ಮೇಲೆ ಕಟ್ಟಿಹಾಕಿದ ಅಬ್ರಹಾಮನೆಂದು ಸ್ಮಿತ್ ವಿವರಿಸಿದ ಆ ಚಿತ್ರವನ್ನು ಈಜಿಪ್ಟ್ ವಿದ್ವಾಂಸರು ಹೋರ್ ಎಂಬ ಪುರೋಹಿತನ ಶವದೊಂದಿಗೆ ಇಟ್ಟ ಅಂತ್ಯಕ್ರಿಯೆಯ ಪಠ್ಯದ ಭಾಗವೆಂದು ಗುರುತಿಸಿದರು. ಅದು ಅಬ್ರಹಾಮನ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನದು. ತುಣುಕುಗಳ ಮೇಲಿನ ಅಕ್ಷರಗಳು ಅಬ್ರಹಾಮನ ಗ್ರಂಥಕ್ಕೆ ಹೊಂದುವುದಿಲ್ಲವೆಂಬುದನ್ನು ಆ ಸಭೆಯೂ ತನ್ನ ಲೇಖನದಲ್ಲಿ ಒಪ್ಪಿಕೊಂಡಿದೆ. ಕಳೆದುಹೋದ ಭಾಗದಲ್ಲಿ ಅದು ಇದ್ದಿರಬಹುದು, ಅಥವಾ ಸುರುಳಿಗಳು ದೈವಪ್ರಕಟನೆಗೆ ಒಂದು ನಿಮಿತ್ತ ಮಾತ್ರವಾಗಿರಬಹುದು ಎಂಬುದು ಅವರ ಸಮಾಧಾನ. ಪರಿಶೀಲಿಸಲು ಸಾಧ್ಯವಾದ ಒಂದೇ ಕಡೆ ಹೀಗಾದ ಮೇಲೆ, ಪರಿಶೀಲಿಸಲಾಗದ ಚಿನ್ನದ ಹಲಗೆಗಳ ವಿಷಯದಲ್ಲಿ ಸ್ಮಿತ್‌ನ ಮಾತನ್ನು ನಂಬಲು ನನಗೆ ಆಧಾರ ಉಳಿಯಲಿಲ್ಲ.

ತಮ್ಮನಿಗೆ ಇವು ಯಾವುವೂ ಮುಖ್ಯವಾಗಿರಲಿಲ್ಲ. ಮಾರ್ಮನ್ ಗ್ರಂಥದ ಕೊನೆಯ ಭಾಗವಾದ ಮೊರೋನಿ 10:4 ಹೇಳುವಂತೆ ಯಥಾರ್ಥ ಹೃದಯದಿಂದ ದೇವರನ್ನು ಕೇಳಿದರೆ ಪವಿತ್ರಾತ್ಮನು ಸತ್ಯವನ್ನು ತಿಳಿಸುವನು, ತನಗೆ ತಿಳಿಸಿದ್ದಾನೆ ಎಂಬುದೇ ಅವನ ನೆಲೆ. ಮೆಥೋಡಿಸ್ಟನಾದ ನಾನು ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ನಮ್ಮ ಪಂಥದ ಸ್ಥಾಪಕ ಜಾನ್ ವೆಸ್ಲಿಯ ಹೃದಯ ಬೆಚ್ಚಗಾದ ದಿನವನ್ನು ನಾವು ನೆನೆಯುತ್ತೇವೆ. ಹುಡುಗನಾಗಿದ್ದ ಸ್ಮಿತ್‌ಗೂ ಮೆಥೋಡಿಸ್ಟರತ್ತ ಒಲವಿತ್ತೆಂದು ಅವನೇ ಬರೆದಿದ್ದಾನೆ. ಹೇಳಿದಂತೆ ನಾನೂ ಪ್ರಾರ್ಥಿಸಿದೆ. ಶಾಂತಿ ದೊರೆಯಿತು, ಯಾವ ಪ್ರಾರ್ಥನೆಯಲ್ಲೂ ದೊರೆಯುವಂಥದ್ದೇ. ಸವದತ್ತಿಯ ಗುಡ್ಡ ಹತ್ತಿ ಬಂದ ನೆರೆಮನೆಯ ಅಕ್ಕ ಯಲ್ಲಮ್ಮನ ಮುಂದೆ ಕಣ್ಣೀರು ಬಂತೆಂದು ಹೇಳುವಾಗಲೂ ಅವರ ಮುಖದಲ್ಲಿ ಅದೇ ಶಾಂತಿ ಇರುತ್ತದೆ. ಅದನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಒಂದು ಗ್ರಂಥ ಯಾವ ಕಾಲದ್ದು, ಯಾರು ಬರೆದದ್ದು ಎಂಬ ಪ್ರಶ್ನೆಗೆ ಅದು ಉತ್ತರವಾಗಲಾರದು. ಎಲ್ಲವನ್ನೂ ಪರಿಶೋಧಿಸಬೇಕೆಂದು ಪೌಲನು ಥೆಸಲೊನೀಕದವರಿಗೆ ಬರೆದದ್ದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ.

ನನ್ನ ಮಟ್ಟಿಗೆ ವಿಷಯವನ್ನು ಇತ್ಯರ್ಥ ಮಾಡಿದ್ದು ಮಾತ್ರ ದೇವರ ಕುರಿತ ಬೋಧನೆ. 1844ರ ಏಪ್ರಿಲ್ 7ರಂದು, ತಾನು ಕೊಲೆಯಾಗುವುದಕ್ಕೆ ಮೂರು ತಿಂಗಳೂ ಇಲ್ಲದಿರುವಾಗ, ಕಿಂಗ್ ಫಾಲೆಟ್ ಎಂಬ ಸಭಾಸದಸ್ಯನ ಮರಣದ ಸಂದರ್ಭದಲ್ಲಿ ಮಾಡಿದ ಉಪನ್ಯಾಸದಲ್ಲಿ ಸ್ಮಿತ್, ದೇವರು ಒಮ್ಮೆ ನಮ್ಮಂತೆ ಮನುಷ್ಯನಾಗಿದ್ದನೆಂದೂ ಅನಾದಿಯಿಂದ ದೇವರಾಗಿದ್ದನೆಂಬ ಎಣಿಕೆಯನ್ನು ತಾನು ಖಂಡಿಸುವೆನೆಂದೂ ಸಾರಿದನು. ನನಗಿಂತ ಮೊದಲು ಯಾವ ದೇವರೂ ಉಂಟಾಗಲಿಲ್ಲ, ನನ್ನ ನಂತರವೂ ಇರುವುದಿಲ್ಲ ಎಂಬ ಯೆಶಾಯ 43:10ರ ಮಾತಿಗೆ ಇದು ಹೊಂದುವುದಿಲ್ಲ. ತಮ್ಮನ ಮುಂದೆ ನಾನು ಯೆಶಾಯನನ್ನು ತೆರೆಯಲಿಲ್ಲ. ಬೈಬಲ್ ಸರಿಯಾಗಿ ಅನುವಾದವಾದಷ್ಟು ಮಟ್ಟಿಗೆ ಮಾತ್ರ ದೇವರ ವಾಕ್ಯವೆಂಬುದು ಅವರ ವಿಶ್ವಾಸಸೂತ್ರವಾದುದರಿಂದ ಅಲ್ಲಿ ವಾದ ಮುಂದುವರಿಯುತ್ತಿರಲಿಲ್ಲ. ಅವನದೇ ಗ್ರಂಥದ ಮೊರೋನಿ 8:18 ತೆಗೆದು ತೋರಿಸಿದೆ. ದೇವರು ಅನಾದಿಯಿಂದ ಅನಂತಕಾಲದವರೆಗೆ ಬದಲಾಗದವನು ಎಂದು ಅಲ್ಲಿದೆ. 1830ರ ಗ್ರಂಥವನ್ನು ನಂಬಬೇಕೋ 1844ರ ಉಪನ್ಯಾಸವನ್ನು ನಂಬಬೇಕೋ ಎಂದು ಕೇಳಿದೆ. ಬೆಂಗಳೂರಿನ ಹಿರಿಯರನ್ನು ಕೇಳಿ ಹೇಳುವೆನೆಂದ. ಅವನೂ ಸುಮ್ಮನೆ ಬಿಡಲಿಲ್ಲ: ತಂದೆ, ಮಗ, ಪವಿತ್ರಾತ್ಮರು ಒಬ್ಬನೇ ದೇವರೆಂಬ ತ್ರಯೈಕ್ಯವನ್ನು ನೀವು ಹೇಳುವ ರೀತಿಯಲ್ಲಿ ರೂಪಿಸಿದ್ದು ಅಪೊಸ್ತಲರಲ್ಲ, 325ರ ನಿಕೇಯ ಸಮ್ಮೇಳನ ಮತ್ತು ಅದರ ನಂತರದವರು, ಅದಕ್ಕೆ ನಿಮ್ಮ ನಿಯಮ ಏನು ಹೇಳುತ್ತದೆ ಎಂದ. ಒಳ್ಳೆಯ ಪ್ರಶ್ನೆ. ಯೇಸು ತಂದೆಗೆ ಸಮಾನನಾದ ದೇವರೋ ಅಲ್ಲವೋ ಎಂದು ಆಗ ನಡೆದ ಅರಿಯನ ವಿವಾದದ ಕಾಲದ ಬರಹಗಳನ್ನು ಈಗ ಅದೇ ಕಾರಣಕ್ಕೆ ಓದುತ್ತಿದ್ದೇನೆ.

ಈ ನಡುವೆ ನಮ್ಮ ಅಜ್ಜ ಅಜ್ಜಿಯರ ಹೆಸರು, ಜನ್ಮದಿನಾಂಕಗಳನ್ನು ಕಳಿಸಿಕೊಡಿರೆಂದು ಅವನು ಫೋನು ಮಾಡಿದ್ದ. ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯುವ ವಿಧಿಯನ್ನು 1 ಕೊರಿಂಥ 15:29ರ ಆಧಾರದ ಮೇಲೆ ಅವರು ತಮ್ಮ ದೇವಾಲಯಗಳಲ್ಲಿ ನಡೆಸುತ್ತಾರೆ. ಬೆಂಗಳೂರಿನಲ್ಲಿ ಅಂಥದೊಂದನ್ನು ಕಟ್ಟುವುದಾಗಿ 2018ರಲ್ಲಿ ಘೋಷಣೆಯಾಗಿದೆ. ಪರಲೋಕದಲ್ಲಿರುವವರು ಅದನ್ನು ಒಪ್ಪಬಹುದು, ಬಿಡಬಹುದು ಎಂಬುದು ಅವರ ಬೋಧನೆಯಾದುದರಿಂದ ಅವನ ದೃಷ್ಟಿಯಲ್ಲಿ ಇದು ಬಲವಂತವಲ್ಲ, ಪ್ರೀತಿ. “ಅಜ್ಜ ತಾನಾಗೇ ದೀಕ್ಷಾಸ್ನಾನ ತಗೊಂಡಾವ, ಅವನ ಬದಲಿ ನಾವ್ ಮತ್ತ ತಗೊಳ್ಳೋದು ಬ್ಯಾಡ ತಮ್ಮಾ” ಎಂದೆ. ದಿನಾಂಕಗಳನ್ನು ಕೊಡಲಿಲ್ಲ. ಅವನು ಒತ್ತಾಯಿಸಲಿಲ್ಲ, ಮುಂದಿನ ಸಲ ಬರುವಾಗ ನಿಕೇಯದ ಬಗ್ಗೆ ಓದಿಕೊಂಡಿರಿ ಎಂದಷ್ಟೇ ಹೇಳಿ ಫೋನಿಟ್ಟ.