ರೋಗದ ಹೆಸರು ಮರೆತು ಬರೆದ ಕಾದಂಬರಿ

ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ 34 ವರ್ಷ ವೈದ್ಯನಾಗಿ ದುಡಿದು ನಿವೃತ್ತನಾದ ಮೇಲೆ, ನನ್ನ 62ನೆಯ ವಯಸ್ಸಿನಲ್ಲಿ ಮೊದಲ ಕಾದಂಬರಿಗೆ ಕೈಹಾಕಿದೆ. ವಸ್ತುವಿನ ಬಗ್ಗೆ ಗೊಂದಲವಿರಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಹಳ್ಳಿಯವರು ಜ್ವರ ಹಿಡಿದು ಮಲಗಿದಾಗ ಮೊದಲು ಗುರುತಿಗೆ ಬಂದ ಮಂಗನ ಕಾಯಿಲೆಯನ್ನು ನಾನು ಸೇವೆಯುದ್ದಕ್ಕೂ ಕಂಡವನು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ದರಕು (ಒಣಗಿ ಬಿದ್ದ ಎಲೆ) ಗುಡಿಸಿ ತರಲೆಂದೋ ಸೌದೆಗೆಂದೋ ಕಾಡಿಗೆ ಹೋದವರು ಕೆಂಗಣ್ಣು, ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡಗಳ ತಡೆಯಲಾರದ ನೋವಿನೊಂದಿಗೆ ನಮ್ಮಲ್ಲಿಗೆ ಬರುತ್ತಿದ್ದರು.

ಮೊದಲ ಕರಡು ಆರು ತಿಂಗಳಲ್ಲಿ ಮುಗಿಯಿತು. ಓದಿ ನೋಡಿದಾಗ ಎದೆ ಕುಸಿಯಿತು. ಪ್ರತಿಯೊಂದು ಪಾತ್ರವೂ ವಯಸ್ಸು, ಜ್ವರದ ದಿನ, ನಾಡಿ, ನಾಲಗೆಯ ಬಣ್ಣ ಎಂಬ ಕ್ರಮದಲ್ಲೇ ಕಥೆಯೊಳಗೆ ಬರುತ್ತಿತ್ತು; ಕೇಸ್ ಶೀಟ್ ಬರೆದು ಪಳಗಿದ ಕೈಗೆ ಬೇರೆ ದಾರಿ ತಿಳಿದಿರಲಿಲ್ಲ. ಅದಕ್ಕಿಂತ ದೊಡ್ಡ ದೋಷವೆಂದರೆ, ಕಥೆಯ ತರುಣ ವೈದ್ಯನಿಗೆ ನನಗೆ ತಿಳಿದದ್ದೆಲ್ಲವೂ ತಿಳಿದಿತ್ತು. ಆದರೆ 1957ರ ಮಾರ್ಚಿನಲ್ಲಿ ಆ ರೋಗಕ್ಕೆ ಹೆಸರೇ ಇರಲಿಲ್ಲ. ಮಂಗಗಳ ಸಾವಿನಿಂದಾಗಿ ತಜ್ಞರು ಮೊದಲು ಹಳದಿ ಜ್ವರವನ್ನು ಶಂಕಿಸಿದ್ದರು. ಹೊಸ ವೈರಾಣುವೆಂದೂ ಅದನ್ನು ಹರಡುವುದು ಪ್ರಾಣಿಗಳ ಮೈಗಂಟಿ ರಕ್ತ ಹೀರುವ ಉಣುಗು ಎಂದೂ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಂಡುಕೊಂಡದ್ದು ಆಮೇಲೆ.

ಆದ್ದರಿಂದ ಎರಡನೆಯ ಕರಡಿನಲ್ಲಿ ನಾನು ಮಾಡಿದ ಮುಖ್ಯ ಕೆಲಸ, ಆ ವೈದ್ಯನ ತಲೆಯಿಂದ ನನ್ನ ತಿಳಿವಳಿಕೆಯನ್ನು ಒಂದೊಂದಾಗಿ ಕಿತ್ತುಹಾಕಿದ್ದು. ಜ್ವರ ಏರಿದ್ದರೂ ನಾಡಿ ನಿಧಾನವಾಗಿದೆ. ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಬಿಳಿ ರಕ್ತಕಣಗಳು ಕಡಿಮೆಯಿವೆ. ಈ ಎರಡೂ ಲಕ್ಷಣಗಳು ಟೈಫಾಯ್ಡಿನಲ್ಲೂ ಕಾಣುವುದರಿಂದ ಅವನು ಟೈಫಾಯ್ಡ್ ಎಂದೇ ನಂಬಿ ಕ್ಲೋರಾಂಫೆನಿಕಾಲ್ ಕೊಟ್ಟು ಕಾಯುತ್ತಾನೆ. ಓದಿದ್ದನ್ನು ಶ್ರದ್ಧೆಯಿಂದ ಪಾಲಿಸಿದವನು ಹೀಗೆ ದಾರಿ ತಪ್ಪುವುದನ್ನು ಬರೆಯುವಾಗ ಕಥೆಗೆ ಮೊದಲ ಬಾರಿ ಉಸಿರು ಬಂದಂತೆ ನನಗೆ ಅನ್ನಿಸಿತು.

ಆ ಕಾಲದ ಆಸ್ಪತ್ರೆಯ ವಿವರಗಳಿಗಾಗಿ ನಾನು ಹೋದದ್ದು, ಹಿಂದೆ ನನ್ನೊಡನೆ ದುಡಿದಿದ್ದ ಹಿರಿಯ ಕಾಂಪೌಂಡರರ ಬಳಿಗೆ. ಒಂದು ಅಧ್ಯಾಯವನ್ನು ಓದಿ ಹೇಳಿದಾಗ ಅವರು ತಡೆದು, "ಡಾಕ್ಟ್ರೇ, ಸೂಜಿ ಚುಚ್ಚಿ ಬಿಸಾಡಿದ ಅಂತ ಬರ್ದೀರಲ್ಲ, ಆಗ ಯಾರು ಬಿಸಾಡ್ತಿದ್ರು?" ಎಂದು ಕೇಳಿದರು. ಗಾಜಿನ ಸಿರಿಂಜನ್ನು ಕುದಿಸುವುದು, ಮೊಂಡಾದ ಸೂಜಿಯನ್ನು ಸಾಣೆಕಲ್ಲಿನ ಮೇಲೆ ಓರೆಯಾಗಿ ಹಿಡಿದು ಉಜ್ಜುವುದು, ತುದಿ ಮುಳ್ಳೆದ್ದಿದೆಯೇ ಎಂದು ಹತ್ತಿಯ ಮೇಲೆ ಎಳೆದು ನೋಡುವುದು, ಎಳೆ ಸಿಕ್ಕಿಕೊಂಡರೆ ಮತ್ತೆ ಉಜ್ಜುವುದು: ಇವೆಲ್ಲವನ್ನೂ ಅವರು ಬರಿಗೈಯಲ್ಲೇ ಅಭಿನಯಿಸಿ ತೋರಿಸಿದರು. ಆ ಕೈಚಲನೆ ಕಾದಂಬರಿಯ ಎರಡು ಪುಟಗಳಲ್ಲಿ ಹಾಗೆಯೇ ಉಳಿದಿದೆ.

ಈ ಕಾಯಿಲೆಯ ಇನ್ನೊಂದು ಸ್ವಭಾವ ನನ್ನನ್ನು ಬಹುಕಾಲ ಕಾಡಿತ್ತು. ಕೆಲವರಲ್ಲಿ ಜ್ವರ ಪೂರ್ತಿ ಇಳಿದು, ಒಂದೆರಡು ವಾರ ನೆಮ್ಮದಿಯಾಗಿ ಕಳೆದ ಮೇಲೆ ಮರಳಿ ಬರುತ್ತದೆ; ಆಗ ಮಂಪರು, ನಡುಕ, ಕತ್ತಿನ ಬಿಗಿತದಂತಹ ಮಿದುಳಿನ ಲಕ್ಷಣಗಳು ಜೊತೆಗಿರುತ್ತವೆ. ವೃತ್ತಿಯ ಆರಂಭದಲ್ಲಿ ಒಬ್ಬ ಹೆಣ್ಣುಮಗಳನ್ನು ಗುಣವಾಯಿತೆಂದು ಮನೆಗೆ ಕಳಿಸಿದ್ದೆ. ಜ್ವರ ಮರುಕಳಿಸಿದರೆ ತಡಮಾಡದೆ ಕರೆತನ್ನಿ ಎಂಬ ಒಂದು ಮಾತನ್ನು ಅವಳ ಗಂಡನಿಗೆ ಬಿಡಿಸಿ ಹೇಳಿರಲಿಲ್ಲ. ಅವಳು ಮತ್ತೆ ಬಂದಾಗ ಕಾಲ ಮೀರಿತ್ತು.

ಈ ಘಟನೆಯನ್ನು ಬರೆಯದೆ ಕಾದಂಬರಿ ಮುಗಿಯುವಂತಿರಲಿಲ್ಲ, ಬರೆಯಲು ನನಗೆ ಹಕ್ಕಿದೆಯೇ ಎಂಬುದೂ ತಿಳಿಯಲಿಲ್ಲ. ಊರು, ವಯಸ್ಸು, ಮನೆತನ ಎಲ್ಲವನ್ನೂ ಬದಲಿಸಿದ ಮೇಲೂ ಮನಸ್ಸು ಒಪ್ಪದೆ, ಹಸ್ತಪ್ರತಿ ಹಿಡಿದು ಅವಳ ಮಗನ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತು ಅವರು ಆ ಅಧ್ಯಾಯವನ್ನು ಎರಡು ಸಲ ಓದಿದರು. ಅವರು ಕೇಳಿದ ತಿದ್ದುಪಡಿ ಒಂದೇ: ಆಸ್ಪತ್ರೆಯಿಂದ ಮರಳಿ ಬಂದ ಆ ಹತ್ತು ದಿನಗಳಲ್ಲಿ ಅಮ್ಮ ಸುಮ್ಮನೆ ಮಲಗಿರಲಿಲ್ಲ, ಕೊಟ್ಟಿಗೆಗೆ ಹೋಗಿ ಹಾಲು ಕರೆಯುತ್ತಿದ್ದರು. ಅದೊಂದನ್ನು ಸೇರಿಸಿ ಎಂದರು. ಸೇರಿಸಿದ್ದೇನೆ.