ಗುಳಿಗೆ ಶುರುವಾಯ್ತು, ದಿನ ಕಟ್ಟುವುದು ಹೇಗೆ?

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಗುಳಿಗೆ ಶುರುವಾಗಿ ಕೆಲವು ವಾರ ಕಳೆದರೆ ಕಿವಿಯಲ್ಲಿ ಕೇಳುವ ದನಿ, ಯಾರೋ ಬೆನ್ನು ಹತ್ತಿದ್ದಾರೆಂಬ ಸಂಶಯ ಬಹಳ ಜನರಲ್ಲಿ ತಗ್ಗುತ್ತವೆ. ಮನೆಯವರಿಗೆ ನಿರಾಳ. ಆದರೆ ಮನುಷ್ಯ ಹನ್ನೊಂದಾದರೂ ಹಾಸಿಗೆ ಬಿಡುವುದಿಲ್ಲ. ಸ್ನಾನ ಬೇಡ, ಮಾತು ಬೇಡ. "ಸುಮ್ನೆ ಕುಂತು ಉಣ್ಣೋದು ರೂಢಿ ಆಗ್ಯಾದ" ಎಂಬ ಮಾತು ಆಗಲೇ ಬರುವುದು. ಕಲಬುರಗಿಯ ನಮ್ಮ ಮನೆಯಲ್ಲೂ ಕಾಕಾನಿಗೆ ಹೀಗೇ ಅಂದಿದ್ದೆವು. ಅದು ಮೈಗಳ್ಳತನವಲ್ಲ. ಹುರುಪು ಇಂಗುವುದೂ ಈ ಕಾಯಿಲೆಯ ಲಕ್ಷಣವೇ. ಒಮ್ಮೊಮ್ಮೆ ಗುಳಿಗೆಯ ಮಂಪರು.

ಮೊದಲು ಹಂಗಿಸುವುದನ್ನು ಬಿಡಿ. ದಿನಾ ಬೈಗುಳ ಬೀಳುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ.

ಆಮೇಲೆ ದಿನಕ್ಕೆ ಒಂದೇ ಕೆಲಸ, ಗೊತ್ತಾದ ಹೊತ್ತಿಗೆ. ಕಾಕಾನದು ಬೆಳಿಗ್ಗೆ ಏಳಕ್ಕೆ ಹಾಲು ತರುವುದು. ಮೊದಲ ದಿನ ಅಂಗಡಿ ಮುಂದೆ ನಾಲ್ಕು ಜನ ನಿಂತಿದ್ದರು, ಬರಿಗೈಲಿ ವಾಪಸ್. ಮರುದಿನ ಅವ್ವ ಜೊತೆಗೆ ಹೋಗಿ ದೂರ ನಿಂತಳು. ವಾರದ ಮೇಲೆ ಚಿಲ್ಲರೆ ಎಣಿಸಿ ಅವಳ ಕೈಗಿಟ್ಟು, "ವೈನಿ, ಎರಡು ರೂಪಾಯಿ ಕಮ್ಮಿ ಕೊಟ್ಟಾನ" ಅಂದರು. ಎಷ್ಟೋ ದಿನದ ಮೇಲೆ ತಾವಾಗಿ ಆಡಿದ ಮಾತದು. ಹಾಲು ರೂಢಿಯಾದ ಮೇಲೆ ತೊಗರಿ ಹಸನು ಮಾಡುವುದನ್ನು ಸೇರಿಸಿದೆವು.

ನಿದ್ದೆಯ ಲೆಕ್ಕ ಕ್ಯಾಲೆಂಡರಿನಲ್ಲೇ ಬರೆಯಿರಿ. ಎರಡು ಮೂರು ರಾತ್ರಿ ನಿದ್ದೆ ಕೆಟ್ಟರೆ ಡಾಕ್ಟರು ಕೊಟ್ಟ ತಾರೀಖಿಗೆ ಕಾಯಬೇಡಿ. ಏನು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆರಾಮಾಯಿತೆಂದು ಗುಳಿಗೆ ನಿಲ್ಲಿಸಬೇಡಿ. ದಿನಾ ನುಂಗುವುದು ಬೇಸರವಾದರೆ ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ಕೇಳಿ. ಗಾಣಗಾಪುರಕ್ಕೋ ಬಂದೇ ನವಾಜ್ ದರ್ಗಾಕ್ಕೋ ಹೋಗಬೇಕೆನಿಸಿತೆ? ಹೋಗಿ ಬನ್ನಿ, ಗುಳಿಗೆ ಚೀಲದಲ್ಲಿರಲಿ. ಈ ಗುಳಿಗೆಗಳಲ್ಲಿ ಕೆಲವು ಮೈ ತಂಪಾಗುವುದನ್ನು ತಡೆಯುತ್ತವೆ. ಹಾಗಾಗಿ ನಮ್ಮ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಕಳಿಸಬೇಡಿ, ಕೇಳದಿದ್ದರೂ ನೀರು, ಮಜ್ಜಿಗೆ ಕೊಡಿ. ತೂಕ, ಸಕ್ಕರೆ ಏರುವುದೂ ಉಂಟು. ಆಗಾಗ ಪರೀಕ್ಷೆ ಮಾಡಿಸಿ.

ಕೊನೆಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಬಹುತೇಕ ಸವಲತ್ತಿಗೆ ಶೇ 40ರಷ್ಟು ವೈಕಲ್ಯ ಇರಬೇಕು. ಅದನ್ನು ಅಳೆಯುವಾಗ ನಾಲ್ಕು ವಿಷಯ ನೋಡುತ್ತಾರೆ: ತನ್ನ ಆರೈಕೆ, ಜನರೊಂದಿಗಿನ ಒಡನಾಟ, ಮಾತುಕತೆ, ಕೆಲಸ. ಜೊತೆಗೆ ಕಾಯಿಲೆ ಎಷ್ಟು ವರ್ಷದ್ದೆಂಬ ಲೆಕ್ಕ. ಡಾಕ್ಟರು ಪ್ರಶ್ನೆ ಕೇಳಿದರೆ ನೀವು ಬಾಯಿ ಹಾಕಬೇಡಿ, ಕಾಯಿಲೆ ಇದ್ದವರೇ ಹೇಳಲಿ. ನಮ್ಮ ಕಾಕಾನಿಗೆ ಒಂದು ಉತ್ತರಕ್ಕೆ ಒಂದು ನಿಮಿಷ ಬೇಕು.